ಭಾವ ಮಾಡಿಸಿದ ಮದುವೆಗಳು

ಸೋಮವಾರಪೇಟೆಯಲ್ಲಿ ಕೂತು ನಮ್ಮ ಭಾವ, ಅಂದರೆ ಅಕ್ಕನ ಗಂಡ, ಮಾಡಿಸಿದಷ್ಟು ಮದುವೆಗಳನ್ನು ಕೊಡಗಿನಲ್ಲಿ ಇನ್ಯಾರೂ ಮಾಡಿಸಿಲ್ಲ. ದಿನಕ್ಕೆ ಸಾವಿರಾರು! ನಮಗೆ ಒಂದು ಊಟವೂ ಸಿಗಲಿಲ್ಲ ಅನ್ನುವುದು ಬೇರೆ ಮಾತು. ಏಕೆಂದರೆ ವಧೂವರರೆಲ್ಲ ಅವರ ಕಂಪ್ಯೂಟರಿನೊಳಗೇ ಇದ್ದರು.

ಭಾವ ಕಾಲೇಜು ಮೇಷ್ಟ್ರು. ರಕ್ತದ ಕ್ಯಾನ್ಸರ್ ಬಂದವರಲ್ಲಿ ಯಾವ ಜೀನ್ ಜೋರಾಗಿ ಕೆಲಸ ಮಾಡುತ್ತಿದೆ, ಯಾವುದು ಮಂಕಾಗಿದೆ ಎಂದು ನೋಡಿ, ಕಾಯಿಲೆ ಯಾವ ಬಗೆಯದು ಅಂತ ಕಂಪ್ಯೂಟರ್ ಹೇಳಬೇಕು. ಇದು ಅವರ ಪಿಎಚ್‌ಡಿ. ಅದಕ್ಕೆ ‘ಈ ಜೀನ್ ಸ್ವಲ್ಪ ಜಾಸ್ತಿ, ಆ ಜೀನ್ ತುಂಬಾ ಕಮ್ಮಿ ಇದ್ದರೆ ಇಂಥ ಕಾಯಿಲೆ’ ಎಂಬಂಥ ನಿಯಮಗಳು ಬೇಕು. ಎರಡೆರಡು ಒಳ್ಳೆಯ ನಿಯಮಗಳಿಗೆ ಮದುವೆ ಮಾಡಿಸಿ, ಅಂದರೆ ಅರ್ಧರ್ಧ ಬೆರೆಸಿ, ಹುಟ್ಟಿದ ಮಕ್ಕಳಲ್ಲಿ ದಡ್ಡರನ್ನು ಅಳಿಸಿ, ಜಾಣರಿಗೆ ಮತ್ತೆ ಮದುವೆ!

ಈ ‘ಸ್ವಲ್ಪ’, ‘ತುಂಬಾ’ ಭಾವನ ನಾಲಿಗೆಗೂ ಅಂಟಿಕೊಂಡವು. ಅಕ್ಕ ಹಂದಿ ಮಾಂಸದ ಪಂದಿ ಕರಿ ಬಡಿಸಿ "ಉಪ್ಪು ಸರಿ ಇದ್ಯಾ?" ಅಂದರೆ, "ಮುಕ್ಕಾಲು ಪಾಲು ಸರಿ, ಕಾಲು ಪಾಲು ಜಾಸ್ತಿ" ಅನ್ನುವರು.

"ಹಾಗಾದ್ರೆ ಮುಕ್ಕಾಲು ಪಾಲು ತಿಂದು ಏಳಿ!"

ಮಡಿಕೇರಿ ಬಸ್ಸಿನ ಕಂಡಕ್ಟರ್ "ಬರ್ತೀರಾ ಸಾರ್?" ಅಂದಾಗ "ಬಹುಮಟ್ಟಿಗೆ" ಅಂದರಂತೆ. ಬಸ್ಸು ಮಾತ್ರ ಪೂರ್ತಿ ಹೋಯಿತು.

ಅಷ್ಟರಲ್ಲಿ ವಿಶ್ವವಿದ್ಯಾಲಯ, ಇದೇ ಕೊನೆಯ ಅವಕಾಶ, ಮುಗಿಸದಿದ್ದರೆ ನೋಂದಣಿ ರದ್ದು ಎಂದಿತು. ಮುಗಿಸುವುದು ಹೇಗೆ? ಯಾವ ರೋಗಿಯ ಮಾಹಿತಿ ಕೊಟ್ಟರೂ ಕಂಪ್ಯೂಟರ್ ಒಂದೇ ಕಾಯಿಲೆ ಹೇಳುತ್ತಿತ್ತು! ಭಾವ ಊಟ ಬಿಟ್ಟರು. ಕಾಫಿ ಕೊಡಲು ಹೋದ ಅಕ್ಕ ಪರದೆಯತ್ತ ಇಣುಕಿದಳು.

"ಏನ್ರೀ ಇದು, ನಿಮ್ಮ ನಿಯಮಗಳೆಲ್ಲಾ ಒಂದೇ ಥರ ಇದಾವೆ?"

"ಎಲ್ಲಾ ಒಬ್ಬನೇ ಅಜ್ಜನ ಮೊಮ್ಮಕ್ಕಳು ಕಣೇ. ಅಜ್ಜ ಭಾರೀ ಜಾಣ."

"ಅಯ್ಯಯ್ಯೋ! ಒಂದೇ ಒಕ್ಕದೊಳಗೆ ಸಂಬಂಧ ಮಾಡ್ತಿದ್ದೀರಾ? ಕೊಡವರ ಮನೇಲಿ ಹುಟ್ಟಿ!"

ಒಂದೇ ಒಕ್ಕ, ಅಂದರೆ ಒಂದೇ ಮನೆತನದವರು, ನಮ್ಮಲ್ಲಿ ಅಣ್ಣತಂಗಿಯರ ಲೆಕ್ಕ. ಮದುವೆಯ ಮಾತೇ ಇಲ್ಲ. ಭಾವ ಕಾಫಿ ಚೆಲ್ಲಿಕೊಂಡು ಎದ್ದರು. ಬೇರೆ ಬೇರೆ ಅಜ್ಜಂದಿರನ್ನು ಹುಡುಕಿ ತಂದರು. ಪ್ರತಿ ನಿಯಮಕ್ಕೂ ಮನೆಹೆಸರು ಬಂತು. ಒಂದೇ ಹೆಸರಿನವು ಎದುರಾದರೆ ಮದುವೆ ಮುರಿಯಿತು ಅಂತಲೇ ಲೆಕ್ಕ! ದೂರದ ಸಂಬಂಧಗಳು ಕುದುರಿ, ಥರಾವರಿ ಮಕ್ಕಳು ಹುಟ್ಟಿ, ಕಂಪ್ಯೂಟರ್ ಕಾಯಿಲೆಗಳನ್ನು ಬೇರೆಬೇರೆಯಾಗಿ ಗುರುತಿಸತೊಡಗಿತು.

ಎಲ್ಲರೆದುರೇ ನಡೆಯುವ ಕೊನೆಯ ಮೌಖಿಕ ಪರೀಕ್ಷೆಗೆ ನಾವೂ ಹೋದೆವು. ಹಂಚಲು ತಂದ ಸಿಹಿಯ ಡಬ್ಬಿ ಹಿಡಿದು ಅಕ್ಕ ತರಗತಿಯ ಹಿಂದಿನ ಸಾಲಿನಲ್ಲಿ ಕೂತಿದ್ದಳು. "ಈ ಒಕ್ಕದ ಉಪಾಯ ಚೆನ್ನಾಗಿದೆ. ಯಾರದು?" ಎಂದರು ಪರೀಕ್ಷಕರು. ನಾನಾಗಿದ್ದರೆ ನನ್ನದೇ ಅಂದುಬಿಡುತ್ತಿದ್ದೆ.

"ನನ್ನ ಹೆಂಡತಿದು ಸಾರ್. ಅವಳು ಹೇಳದಿದ್ರೆ ನಾನು ಇಲ್ಲಿ ನಿಲ್ತಾ ಇರ್ಲಿಲ್ಲ," ಅಂದ ಭಾವ ಹಿಂದೆ ತಿರುಗಿ, "ಒಂದ್ಸಲ ಎದ್ದು ನಿಲ್ಲು," ಅಂದರು.

ಅಕ್ಕ ಎದ್ದಳು. ಪಿಯುಸಿ ಮುಗಿಯುವ ಮೊದಲೇ ಮದುವೆಯಾದವಳು. ಆಮೇಲೆ ತರಗತಿಯ ಬೆಂಚಿನಲ್ಲಿ ಕೂತದ್ದು ಅವತ್ತೇ. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ಡಬ್ಬಿಯನ್ನು ಎದೆಗವಚಿಕೊಂಡು ಅತ್ತಳು, ನಾನೂ ಅತ್ತೆ. ಪರೀಕ್ಷಕರು ಮುಂದಿನ ಪ್ರಶ್ನೆ ಹಿಡಿದು ಕಾಯುತ್ತಲೇ ಇದ್ದರು. ಅವಳು ಕೂರುವವರೆಗೂ ಭಾವ ಅವರತ್ತ ತಿರುಗಲಿಲ್ಲ.