ಹದಿನಾರು ಸಿಟ್ಟಿನ ಹಾಡು

ಕಮಲಾಕರನ ಹೆಂಡತಿ ವಿನುತಾ ಅವನ ಆ ಸಿ.ಡಿ.ಯನ್ನು ಎಸೆದಿರಲಿಲ್ಲ. ಎಸೆದಿದ್ದರೆ ಹೆಕ್ಕಿಕೊಳ್ಳಬಹುದಿತ್ತು. ದಾನ ಮಾಡಿಬಿಟ್ಟಿದ್ದಳು.

"ಅದು ಹಾಳಾಗಿತ್ತಲ್ಲ?" ಎಂದಳು ಭಾನುವಾರ ಬೆಳಿಗ್ಗೆ ದೋಸೆ ಮಗುಚುತ್ತ. "ಬರೀ ಟಕಟಕ ಅಂತಿತ್ತು. ನೀವೇ ನಾಕು ತಿಂಗಳಿಂದ ಸರಿಯಾಯ್ತಾ ಅಂತ ಹಾಕಿ ಹಾಕಿ ನೋಡ್ತಿದ್ರಿ."

"ನೋಡ್ತಿರ್ಲಿಲ್ಲ ಮಾರಾಯ್ತಿ, ಕೇಳ್ತಿದ್ದೆ! ಅದು ಹಾಡು!"

ಕಮಲಾಕರನ ಮೈಯೆಲ್ಲ ಉರಿಯಿತು. ಮುಂಬೈಯಿಂದ ತಂದ ಸಂಗ್ರಹ ಅದು. ಹಳೆಯ ಇಂಗ್ಲಿಷ್ ಪೋಸ್ಟ್-ಪಂಕ್ ರಾಕ್ ತಂಡಗಳ ಸಿಡುಕು ಗಿಟಾರಿಗೆ ಕಂಪ್ಯೂಟರಿನ ಡ್ಯಾನ್ಸ್ ತಾಳ ಬೆರೆಸಿದ ಹದಿನಾರು ಹಾಡು. ಹೊನ್ನಾವರದ ಸೊಸೈಟಿಯಲ್ಲಿ ದಿನವಿಡೀ ಬೈಸಿಕೊಂಡು ಬರುವ ಗುಮಾಸ್ತನಾದ ಅವನ ಪರವಾಗಿ ಆ ಗಾಯಕರು ಜಗತ್ತನ್ನೇ ಬೈಯುತ್ತಿದ್ದರು. ಊರಲ್ಲಿ ಒಬ್ಬರಾದರೂ ಇದನ್ನು ಕೂತು ಕೇಳಬೇಕೆಂಬುದೇ ಅವನ ಆಸೆ. ಎರಡನೇ ಹಾಡು ಮುಗಿಯುವವರೆಗೆ ಕೂತವರು ಒಬ್ಬರೂ ಇರಲಿಲ್ಲ.

"ಯಾರಿಗೆ ಕೊಟ್ಟೆ?"

"ದುರ್ಗಕ್ಕಂಗೆ. ಮೀನು ಒಣಗ್ಸೋ ಕಡೆ ಕಾಗೆ ಹೆದರ್ಸುಕೆ ಹಾಳಾದ ಸಿ.ಡಿ. ಬೇಕು ಅಂದ್ಳು."

ಕಮಲಾಕರ ಲುಂಗಿ ಎತ್ತಿ ಕಟ್ಟಿ ಹೊನ್ನಾವರದ ಪಕ್ಕದ ತಮ್ಮೂರು ಕಾಸರಕೋಡಿನ ಕಡಲದಂಡೆಗೆ ಓಡಿದ. ದಾರಿಯಲ್ಲಿ ನಿವೃತ್ತ ಪೋಸ್ಟ್‌ಮ್ಯಾನ್ ಪಾಂಡು ಅಡ್ಡ ಬಂದ.

"ಎಂತ ಆತಾ?"

"ನನ್ನ ಸಿ.ಡಿ. ದುರ್ಗಕ್ಕನ ಹತ್ರ ಹೋಯ್ತು!"

ಪಾಂಡು ದನಿ ತಗ್ಗಿಸಿದ. "ಇಷ್ಟು ಗಡಿಬಿಡಿ ಅಂದ್ರೆ... ಅಂಥಾ ಸಿ.ಡಿ.ಯೇನಾ?"

"ಥೂ! ಬಾಯಿ ಮುಚ್ಚು!"

ಮುಚ್ಚು ಎಂದರೆ ಪಾಂಡುವಿನ ಬಾಯಿ ಮುಚ್ಚುತ್ತದೆಯೇ? ದಂಡೆ ಮುಟ್ಟುವಷ್ಟರಲ್ಲಿ ಹನ್ನೆರಡು ಜನ ಹಿಂದೆ ಬಂದಿದ್ದರು. ಮರಳಿನಲ್ಲಿ ಬಲೆ ಹಾಸಿ ಮೀನು ಹರಡಿತ್ತು. ಕೋಲಿಗೆ ನೇತುಬಿದ್ದ ಸಿ.ಡಿ. ಹೊಳೆಯುತ್ತಿತ್ತು, ಅದೇ ಕೋಲಿನ ತುದಿಯಲ್ಲಿ ಕೂತು ಒಂದು ಕಾಗೆ ಬಂಗುಡೆ ಮೀನು ತಿನ್ನುತ್ತಿತ್ತು.

"ಅದ್ರಲ್ಲಿ ಎಂತ ಉಂಟು ಅಂತ ಎಲ್ರೆದುರು ಹಾಕು ನೋಡ್ವ," ಎಂದ ಪಾಂಡು.

"ಹಾಕ್ತೆ! ಕಿವಿ ಇದ್ರೆ ಕೇಳಿ!"

ಸಿಟ್ಟಿನಲ್ಲಿ ಮನೆಗೆ ಹೋಗಿ ಬ್ಯಾಟರಿ ಹಾಕಿದ ಪ್ಲೇಯರ್ ತಂದ. ಸಿ.ಡಿ.ಯನ್ನು ಲುಂಗಿಯಿಂದ ಒರೆಸಿ ತೂರಿಸಿ, ದನಿಯನ್ನು ತುದಿಯವರೆಗೆ ತಿರುಗಿಸಿದ. ಗಿಟಾರು ಕಿರುಚಿತು, ತಾಳ ಗುದ್ದಿತು, ಗಾಯಕ ಕೂಗಿದ. ಪಾಂಡು ಕಿವಿ ಮುಚ್ಚಿಕೊಂಡು ಓಡಿದ, ಅವನ ಹಿಂದೆ ಹನ್ನೆರಡೂ ಜನ.

ಮೀನಿನ ಬಳಿಯಿದ್ದ ದುರ್ಗಕ್ಕ ಮಾತ್ರ ನಿಂತಳು. "ಇನ್ನೊಂದ್ಸಲ ಹಾಕು ತಮಾ."

ಕಮಲಾಕರ ಮರಳಲ್ಲೇ ಕುಕ್ಕರಿಸಿ ಕೂತ. ಎರಡನೇ ಸಲ ಹಾಕಿದ, ಮೂರನೇ ಸಲವೂ ಹಾಕಿದ, ಆಮೇಲೆ ಮುಂದಿನ ಹಾಡುಗಳನ್ನೂ ಒಂದರ ಹಿಂದೊಂದು ಬಿಟ್ಟ. "ಹೆಂಗುಂಟು ದುರ್ಗಕ್ಕ?"

"ಭಾರೀ ಚಲೋ," ಎಂದಳು ಆಕಾಶ ನೋಡುತ್ತ. "ಒಂದು ಕಾಗೆಯೂ ಇಲ್ಲ ನೋಡು! ಈ ಹಾಡಿನ ಪೆಟ್ಟಿಗೆ ಇಲ್ಲೇ ಇರ್ಲಿ, ಮಳೆಗಾಲದ ತನಕ."

"ಸಾಧ್ಯವೇ ಇಲ್ಲ! ಅದು ನನ್ನದು!"

"ಆಗ್ಲೇ ಫೋನ್ ಮಾಡ್ದೆ, ವಿನುತಾ ಒಪ್ಪಿ ಆತು. ವಾರಕ್ಕೊಂದು ಬುಟ್ಟಿ ಒಣಮೀನು."

ಅವನು ಹಲ್ಲು ಕಡಿದು ಪ್ಲೇಯರಿನತ್ತ ತಿರುಗಿದ. ಅದರ ಪಕ್ಕದಲ್ಲಿ ಒಂದು ಬೀದಿನಾಯಿ ಮುಂಗಾಲಿನ ಮೇಲೆ ಗದ್ದವಿಟ್ಟು, ಕಣ್ಣು ಅರೆಮುಚ್ಚಿ, ಏಳನೇ ಹಾಡು ಕೇಳುತ್ತ ಮಲಗಿತ್ತು. ಪೂರಾ ಆರು ಹಾಡು ಕೂತು ಕೇಳಿದ ಊರಿನ ಮೊದಲ ಪ್ರಾಣಿ.

"ಇದೊಂದು ಹೆದರೂದಿಲ್ಲ," ಎನ್ನುತ್ತ ದುರ್ಗಕ್ಕ ಕೋಲು ಕಿತ್ತು ಅವನ ಕೈಗೆ ಕೊಟ್ಟಳು. "ಓಡ್ಸು ತಮಾ, ಮೀನು ತಿಂತದೆ."