ತೆರೆ ಹತ್ತಲು ಒಂದು ಕೆಟ್ಟ ಮುಹೂರ್ತ

ಪಂಚಾಂಗ ಓದಲು ಬರುತ್ತದೆ ಎಂದು ಊರಿಗೆ ಒಮ್ಮೆ ಗೊತ್ತಾದರೆ ಮುಗಿಯಿತು, ಅಂಥವನ ಜಗಲಿಗೆ ಎಂಥ ಪ್ರಶ್ನೆ ಬಂದು ಕೂರುತ್ತದೆಂದು ಹೇಳಲಾಗುವುದಿಲ್ಲ. ಹೊನ್ನಾವರದ ನಮ್ಮ ಜಗಲಿಯಲ್ಲಿ ನಾನು ಮದುವೆಗೆ ದಿನ ಹೇಳಿದ್ದೇನೆ, ಬಾವಿ ತೋಡಲಿಕ್ಕೆ ಹೇಳಿದ್ದೇನೆ, ಎಮ್ಮೆಯ ಮೂಗುದಾರ ಬದಲಿಸಲಿಕ್ಕೂ ಹೇಳಿದ್ದೇನೆ. ಅರವತ್ತರ ದಶಕದ ನಡುವಿನಲ್ಲಿ ಬಂದ ಪ್ರಶ್ನೆಯಂಥದ್ದು ಮಾತ್ರ ಅದಕ್ಕೆ ಮೊದಲೂ ಬಂದಿರಲಿಲ್ಲ, ಆಮೇಲೂ ಬಂದಿಲ್ಲ.

ಇದರ ಮೊದಲ ತುಂಡನ್ನು ನನಗೆ ಹೇಳಿದವ ದೋಣಿ ಕಟ್ಟುವ ಆಚಾರಿ. ಉಳಿದದ್ದಕ್ಕೆ, ದೇವರ ದಯೆಯೋ ನನ್ನ ಗ್ರಹಚಾರವೋ, ನಾನೇ ಸಾಕ್ಷಿ.

ಆಚಾರಿಯ ಅಂಗಳ

ಕೋಳಿ ಸಾಕುವ ಹೊಸ ಕ್ರಮ ಕಲಿಸಲೆಂದು ಆಗ ನಮ್ಮ ಕಡೆಗೆ ಅಮೇರಿಕದ ತರುಣನೊಬ್ಬ ಬಂದಿದ್ದ. ಎರಡು ವರ್ಷದ ವಾಯಿದೆ. ಊರವರು ಅವನನ್ನು ಕೋಳಿ ಮಾಸ್ತರ ಎಂದು ಕರೆಯುತ್ತಿದ್ದರು. ಬರುವ ಮೊದಲೇ ಕನ್ನಡ ಕಲಿತಿದ್ದ, ಆದರೆ ಪುಸ್ತಕದಿಂದ ಕಲಿತದ್ದು. ನೀರು ಬೇಕಾದರೂ "ನನಗೆ ಬಾಯಾರಿಕೆ ಉಂಟಾಗಿದೆ" ಎನ್ನುವವ.

ಈ ಮಾಸ್ತರ ಒಂದು ದಿನ ಆಚಾರಿಯ ಅಂಗಳಕ್ಕೆ ಹೋಗಿ ಹೊಯಿಗೆಯ ಮೇಲೆ ಕಡ್ಡಿಯಿಂದ ಚಿತ್ರ ಬರೆದನಂತೆ. ಆರು ಮೊಳ ಉದ್ದ, ಒಂದೂವರೆ ಮೊಳ ಅಗಲ, ಮುಂದೆ ಚೂಪು.

"ಇದು ದೋಣಿಯ ತಳ ಆತು. ಬದಿ ಎಲ್ಲಿ?" ಎಂದು ಆಚಾರಿ ಕೇಳಿದ.

"ಬದಿ ಇರುವುದಿಲ್ಲ. ಇಷ್ಟೇ."

"ಮತ್ತೆ ಕೂರೋದು ಎಲ್ಲಿ?"

"ಕೂರುವುದಿಲ್ಲ. ಇದರ ಮೇಲೆ ನಿಲ್ಲುತ್ತೇನೆ."

"ಬಲೆ ಎಲ್ಲಿ ಇಡೋದು? ಮೀನು ಎಲ್ಲಿ ಹಾಕೋದು?"

"ಬಲೆ ಇಲ್ಲ. ಮೀನೂ ಇಲ್ಲ."

ಆಚಾರಿ ಉಳಿ ಕೆಳಗಿಟ್ಟ. "ಹಾಗಾದ್ರೆ ಸಮುದ್ರಕ್ಕೆ ಹೋಗೋದು ಎಂತಕ್ಕೆ ಮಾಸ್ತರೇ?"

"ತಿರುಗಿ ಬರುವುದಕ್ಕಾಗಿ," ಎಂದ ಮಾಸ್ತರ. "ತೆರೆಯ ಮೇಲೆ ನಿಂತು ದಡಕ್ಕೆ ಬರುವುದು. ಅದೇ ಆಟ."

ಆಚಾರಿ ಹೊಯಿಗೆಯ ಮೇಲಿನ ಚಿತ್ರಕ್ಕೆ ಒಂದು ಸುತ್ತು ಬಂದು ಹೇಳಿದನಂತೆ: "ತಿರುಗಿ ಬರೋದೇ ಆದ್ರೆ ಹೋಗದೇ ಇದ್ರೆ ಆತಲ್ಲ? ನಿಮ್ಮ ಜೀವವೂ ಉಳೀತು, ನನ್ನ ಹಲಗೆಯೂ ಉಳೀತು."

ಒಳ್ಳೆಯ ಮುಹೂರ್ತ

ಹಲಗೆಯೇನೋ ಆಯಿತು. ಆಚಾರಿ ಬಿಡಲಿಲ್ಲ. "ಹೊಸ ಮರ ನೀರಿಗೆ ಇಳಿಯೋದು, ದಿನ ನೋಡದೆ ಇಳಿಸಿದ್ರೆ ನನ್ನ ಹೆಸರು ಹಾಳು" ಎಂದು ಮಾಸ್ತರನನ್ನು ನೇರ ನಮ್ಮ ಜಗಲಿಗೇ ಕರೆತಂದ.

ಮಾಸ್ತರ ಚಾಪೆಯ ಮೇಲೆ ಮಂಡಿ ಮಡಿಸಿಕೊಂಡು, ಮಂಡಿ ಮಡಿಸಲಾಗದ ಕಷ್ಟ ಮುಖದಲ್ಲಿ ತೋರಿಸುತ್ತ, ತನ್ನ ವಿಷಯ ಹೇಳಿದ. ಅವನ ಊರು ಸಮುದ್ರದ ಬದಿಯಲ್ಲೇ. ಅಲ್ಲಿ ಸಣ್ಣ ಮಕ್ಕಳೂ ಹಲಗೆಯ ಮೇಲೆ ನಿಂತು ತೆರೆ ಹತ್ತುತ್ತಾರೆ. ಅವನ ತಂಗಿಯಂತೂ ಒಂದೇ ಕಾಲಿನಲ್ಲಿ ನಿಲ್ಲುತ್ತಾಳೆ. ಇವನು ಮಾತ್ರ ಹುಟ್ಟಿದಂದಿನಿಂದ ಒಂದು ಸಲವೂ ನಿಂತವನಲ್ಲ. ನಿಲ್ಲಲು ಹೋದದ್ದೇ ಬಿದ್ದದ್ದು. ಹೊರಡುವಾಗ ತಂಗಿಗೆ ಮಾತು ಕೊಟ್ಟು ಬಂದಿದ್ದಾನೆ: ಹಿಂದೂಸ್ಥಾನದಲ್ಲಿ ಒಂದಾದರೂ ತೆರೆಯ ಮೇಲೆ ನಿಲ್ಲುತ್ತೇನೆ, ನಿಂತು ನಿನಗೆ ಕಾಗದ ಬರೆಯುತ್ತೇನೆ ಎಂದು.

"ಬರುವ ದೀಪಾವಳಿಗೆ ನನ್ನ ವಾಯಿದೆ ಮುಗಿಯುತ್ತದೆ ಭಟ್ಟರೇ. ಸಮುದ್ರಕ್ಕೆ ಹೋಗಲು ಅತ್ಯುತ್ತಮ ಕಾಲ ಯಾವುದು?"

ನನಗೆ ಕನಿಕರ ಹುಟ್ಟಿತು. ಆಗ ಮಾಘ ಮಾಸ. ಮೂರು ದಿನ ಕುಳಿತು ತಿಥಿ, ವಾರ, ನಕ್ಷತ್ರ, ಚಂದ್ರಬಲ ಎಲ್ಲ ನೋಡಿ, ಮಗಳನ್ನು ಗಂಡನ ಮನೆಗೆ ಕಳಿಸುವವರಿಗೂ ಸಿಗದಂಥ ಮುಹೂರ್ತ ಹುಡುಕಿ ಕೊಟ್ಟೆ.

ಮುಹೂರ್ತದ ದಿನ ಸಂಜೆ ಮಾಸ್ತರ ಬಂದ. ಬೆನ್ನು ಬೇಯಿಸಿದ ಬೀಟ್‌ರೂಟಿನಂತಾಗಿತ್ತು. ಸಮುದ್ರ ಸಗಣಿ ಸಾರಿಸಿದ ಅಂಗಳದಂತೆ ಸಪಾಟಾಗಿತ್ತಂತೆ. ತೆರೆ ಕಾಯುತ್ತ ಹಲಗೆಯ ಮೇಲೆ ಬೋರಲು ಮಲಗಿದವನಿಗೆ ನಿದ್ದೆ ಹತ್ತಿ, ಎಚ್ಚರಾದಾಗ ಹೊತ್ತು ಇಳಿದಿತ್ತಂತೆ.

ನನಗೆ ಹಿಗ್ಗೋ ಹಿಗ್ಗು. "ನೋಡಿದಿರಾ ಮಾಸ್ತರೇ ಮುಹೂರ್ತದ ಬಲ! ಒಂದು ತೆರೆಯಾದರೂ ನಿಮಗೆ ತೊಂದರೆ ಕೊಟ್ಟಿತೇ?"

ಮಾಸ್ತರ ಕೈ ಮುಗಿದ. "ಭಟ್ಟರೇ, ನನಗೆ ತೊಂದರೆಯೇ ಬೇಕಾಗಿದೆ."

ಕೆಟ್ಟ ಮುಹೂರ್ತ

ನನ್ನ ಅಜ್ಜ ಪಂಚಾಂಗ ಹೇಳಿದವರು, ಅಪ್ಪಯ್ಯ ಹೇಳಿದವರು. ಮೂರು ತಲೆಮಾರಿನಲ್ಲಿ ಯಾರೂ ಬಂದು "ಒಂದು ಕೆಟ್ಟ ಘಳಿಗೆ ಹುಡುಕಿ ಕೊಡಿ" ಎಂದು ಕೇಳಿರಲಿಲ್ಲ. ಕೆಟ್ಟ ಘಳಿಗೆಗೆ ಬರವಿಲ್ಲ. ಪುಸ್ತಕದ ಅರ್ಧ ಅದೇ ಇದೆ. ಆದರೆ ಅದನ್ನು ಕೈಯಾರೆ ಆರಿಸಿ, ತುಲಸಿ ದಳದ ಜೊತೆ ಒಬ್ಬನ ಕೈಗೆ ಕೊಡುವುದು ಹೇಗೆ? ಊಟಕ್ಕೆ ಕುಳಿತಾಗಲೂ ಅದೇ ಯೋಚನೆ.

"ಅನ್ನ ಆರ್ತಾ ಇದ್ದು. ಎಂತ ಆತು?" ಎಂದಳು ಹೆಂಡತಿ.

"ಮಾಸ್ತರನಿಗೆ ಒಂದು ಕೆಟ್ಟ ಮುಹೂರ್ತ ಬೇಕಂತೆ. ಎಲ್ಲಿಂದ ತರುವುದೋ ತಿಳಿಯುವುದಿಲ್ಲ."

"ಅದಕ್ಕೆ ಪುಸ್ತಕ ಎಂತಕ್ಕೆ? ನಮ್ಮ ಮದುವೆಗೆ ನಿಮ್ಮ ಅಪ್ಪಯ್ಯ ಇಟ್ಟ ಮುಹೂರ್ತ ನೆನಪಿಲ್ಲೆಯಾ? ಅದನ್ನೇ ಕೊಡಿ."

ಆಷಾಢದ ಸಭೆ

ಅಷ್ಟರಲ್ಲಿ ಮಳೆಗಾಲವೇ ಬಂದುಬಿಟ್ಟಿತು. ಆಷಾಢದ ಸಮುದ್ರ ನಮ್ಮವರು ನೋಡಲೂ ಹೆದರುವಂಥದ್ದು. ಮನೆಯ ಮಾಡಿನಷ್ಟು ಎತ್ತರದ ತೆರೆಗಳು. ಮಾಸ್ತರ ಮಳೆಯಲ್ಲಿ ನೆನೆಯುತ್ತ ನಮ್ಮ ಅಂಗಳಕ್ಕೆ ಓಡಿ ಬಂದು "ಭಟ್ಟರೇ, ಪರಮ ಕೆಟ್ಟ ಕಾಲ ಪ್ರಾಪ್ತವಾಗಿದೆ!" ಎಂದು ಕೂಗಿದ. ನಾನು ಕೊಡೆ ಹಿಡಿದು ಹಿಂದೆಯೇ ಓಡಿದೆ.

ಹಲಗೆ ಆಚಾರಿಯ ಚಪ್ಪರದಲ್ಲಿತ್ತು. ಭಟ್ಕಳದ ಕಡೆಯ ಒಬ್ಬ ತಾಂಡೇಲ, ಅಂದರೆ ಮೀನುಗಾರರ ದೋಣಿಯ ಯಜಮಾನ, ತನ್ನ ದೋಣಿ ರಿಪೇರಿಗೆ ತಂದು ಜನರೊಂದಿಗೆ ಅಲ್ಲೇ ಉಳಿದಿದ್ದ. ಮಾಸ್ತರ ಹಲಗೆಗೆ ಕೈ ಹಾಕಿದ್ದನ್ನು ನೋಡಿ, ತಾಂಡೇಲ ಬಂದು ಹಲಗೆಯ ಮೇಲೆ ಕುಳಿತ. ಅವನ ಏಳು ಜನರೂ ಬಂದು ಸಾಲಾಗಿ ಕುಳಿತರು. ಎಲೆ ಅಡಿಕೆ ತೆಗೆದರು.

"ದಯವಿಟ್ಟು ಏಳಬೇಕು," ಎಂದ ಮಾಸ್ತರ.

"ಏಳ್ತೆವು. ಎಂತ ಗಡಿಬಿಡಿ?"

"ಯಾವಾಗ ಏಳುತ್ತೀರಿ?"

"ಶ್ರಾವಣದ ಹುಣ್ಣಿಮೆಗೆ. ಸಮುದ್ರಕ್ಕೆ ಕಾಯಿ ಬಿಟ್ಟ ಮೇಲೆ."

ಆ ದಿನ ಪೂಜೆ ಮಾಡಿ ತೆಂಗಿನಕಾಯಿ ಬಿಡುವ ತನಕ ನಮ್ಮ ಕಡೆಯ ಮೀನುಗಾರರು ಸಮುದ್ರಕ್ಕೆ ಇಳಿಯುವುದಿಲ್ಲ, ಅದಕ್ಕೆ ಇನ್ನೂ ತಿಂಗಳು ಮೀರಿ ಇತ್ತು. ಮಾಸ್ತರ ಒಂದು ತಾಸು ನಿಂತ. ಕಡೆಗೆ ತಾಂಡೇಲ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟ. "ಕೂತ್ಕೊ ಮಾರಾಯ. ಮಳೆ ಹೋದ ಮೇಲೆ ನಮ್ಮ ದಂಡೆಗೆ ಬಾ, ಚಲೋ ತೆರೆ ತೋರಿಸ್ತೆ."

ಮಾಸ್ತರ ಹಲಗೆ ಏರಿದ್ದನ್ನು ನಾನು ಮೊದಲು ನೋಡಿದ್ದು ಅಂದೇ. ಒಂಬತ್ತು ಜನ, ಒಣ ನೆಲ, ಬಾಯಿ ತುಂಬ ಎಲೆ ಅಡಿಕೆ.

ಕುಮಟೆಯ ಪಿತೃಗಳು

ಭಾದ್ರಪದ ಮುಗಿಯುತ್ತ ಬಂತು. ದೀಪಾವಳಿಗೆ ಉಳಿದದ್ದು ಒಂದೇ ತಿಂಗಳು. ಅಮಾವಾಸ್ಯೆಗೆ ನೀರು ಹೆಚ್ಚು ಏರುತ್ತದೆ ಎಂಬುದು ಸಮುದ್ರದ ಬದಿಯ ಮಗುವಿಗೂ ಗೊತ್ತು. "ಮಹಾಲಯ ಅಮಾವಾಸ್ಯೆಯ ದಿನ ಹನ್ನೊಂದು ಗಂಟೆಯ ಸುಮಾರಿಗೆ ಕುಮಟೆಯ ದಂಡೆಗೆ ಬನ್ನಿ. ನಾನೂ ಸ್ನಾನಕ್ಕೆ ಬರುತ್ತೇನೆ," ಎಂದು ಮಾಸ್ತರನಿಗೆ ಹೇಳಿದೆ. ನಾನು ಸ್ನಾನಕ್ಕೆ ಹೋಗುವ ದಿನ ಉಳಿದವರೂ ಬರುತ್ತಾರೆ ಎಂಬುದು ಮಾತ್ರ ನನಗೆ ಹೊಳೆಯಲಿಲ್ಲ.

ಹೋಗಿ ನೋಡಿದರೆ ಅರ್ಧ ತಾಲೂಕು ಅಲ್ಲಿತ್ತು. ಪಿತೃಗಳಿಗೆ ತರ್ಪಣ ಕೊಟ್ಟು, ಬಾಳೆ ಎಲೆಯ ಮೇಲಿನ ಪಿಂಡವನ್ನು ನೀರಿಗೆ ಬಿಡುತ್ತಿದ್ದರು. ಅಂದು ತೆರೆ ಜೋರು. ಬಿಟ್ಟದ್ದು ಬಿಟ್ಟ ಹಾಗೆಯೇ ತಿರುಗಿ ಬರುತ್ತಿತ್ತು. ಮಿರ್ಜಾನದ ಯಜಮಾನರೊಬ್ಬರು ಮೂರು ಸಲ ಬಿಟ್ಟರು, ಮೂರು ಸಲವೂ ಎಲೆ ಬಂದು ಅವರ ಕಾಲಿಗೇ ತಾಗಿತು.

"ಅಪ್ಪಯ್ಯನಿಗೆ ಬದುಕಿದ್ದಾಗಲೂ ಮನೆ ಬಿಟ್ಟು ಹೋಗೋದು ಅಂದ್ರೆ ಆಗ್ತಿರಲಿಲ್ಲ," ಎಂದು ಅವರು ತಲೆಗೆ ಕೈ ಹಚ್ಚಿದರು.

ಅಷ್ಟರಲ್ಲಿ ಮಾಸ್ತರ ಹಲಗೆಯ ಮೇಲೆ ಬೋರಲು ಮಲಗಿ, ಎರಡೂ ಕೈಯಿಂದ ನೀರು ಸರಿಸುತ್ತ ತೆರೆ ದಾಟಿ ಆಚೆ ಹೋದದ್ದನ್ನು ಯಜಮಾನರು ಕಂಡರು. ಒಂದು ಸಲ ಬಿದ್ದು ದಡಕ್ಕೆ ಬಂದವನನ್ನು ತಡೆದು ನಿಲ್ಲಿಸಿದರು. "ಮಾಸ್ತರೇ, ಹೇಗೂ ಆಚೆ ಹೋಗ್ತೀರಿ. ಇದೊಂದನ್ನು ತೆಗೆದುಕೊಂಡು ಹೋಗಿ ಅಲ್ಲಿ ಬಿಡಿ."

ಪರದೇಶದವನು ಮುಟ್ಟಬಹುದೇ ಎಂದು ಯಾರೋ ಮಾತು ತೆಗೆದರು. ಎಲ್ಲರೂ ನನ್ನ ಮುಖ ನೋಡಿದರು. ನಾನು ಕಣ್ಣು ಮುಚ್ಚಿ ವಿಚಾರ ಮಾಡಿ, "ಎಲೆ ಮುಟ್ಟುವುದು ಹಲಗೆಯನ್ನು, ಹಲಗೆ ಮುಟ್ಟುವುದು ಸಮುದ್ರವನ್ನು. ನಡುವೆ ಅವನು ಅಲ್ಲಿ ಇದ್ದಾನೆ, ಅಷ್ಟೇ," ಎಂದು ತೀರ್ಪು ಕೊಟ್ಟೆ.

ಆಮೇಲೆ ಜನ ಸಾಲು ಹಚ್ಚಿದರು. ಮಾಸ್ತರನದು ಇಲ್ಲ ಎನ್ನಲು ಬಾರದ ಸ್ವಭಾವ. ಸಂತೆಗುಳಿಯವರು, ಮಿರ್ಜಾನದವರು, ಕುಮಟೆ ಪೇಟೆಯವರು, ಎಲ್ಲರ ಹಿರಿಯರನ್ನೂ ಒಬ್ಬೊಬ್ಬರಾಗಿ ತೆರೆ ದಾಟಿಸಿದ. ನೀರು ಇಳಿಯುವ ಹೊತ್ತಿಗೆ ಅವನ ಕೈ ಎರಡೂ ಸೋತು, ಎದ್ದು ನಿಲ್ಲುವ ಮಾತೇ ಉಳಿದಿರಲಿಲ್ಲ.

ಸಾಲಿನ ಕೊನೆಗೆ ಒಬ್ಬ ಮುದುಕಿ. ಎಲೆಯನ್ನು ಹಲಗೆಯ ಮೇಲಿಟ್ಟು, ಅತ್ತ ಇತ್ತ ನೋಡಿ, ಮೆಲ್ಲಗೆ ಹೇಳಿದಳು: "ಇದು ನಮ್ಮತ್ತೆ, ಮಗಾ. ಉಳಿದವರಿಗಿಂತ ಸ್ವಲ್ಪ ದೂರ ಬಿಟ್ಟು ಬಾ."

ಭಟ್ಕಳದ ಬಲೆ

ದೀಪಾವಳಿಗೆ ಎರಡು ದಿನ. ಮೂರನೆಯ ದಿನ ಮಾಸ್ತರ ಮುಂಬಯಿಗೆ ಹೊರಡುವವ. ಉಳಿದದ್ದು ತಾಂಡೇಲ ಹೇಳಿದ ಭಟ್ಕಳದ ದಂಡೆಯೊಂದೇ. ನಾನು ರಾಹುಕಾಲ ಹಿಡಿದು ಹೊತ್ತು ಹೇಳಿದೆ. ಹೇಳಿದ ಮೇಲೆ ಮನೆಯಲ್ಲಿ ಕೂರಲಾಗಲಿಲ್ಲ. ಕೆಟ್ಟ ಘಳಿಗೆ ಆರಿಸಿ ಕೊಟ್ಟವ ನಾನು. ಏನಾದರೂ ಆದರೆ ನೋಡಲಿಕ್ಕಾದರೂ ಇರಬೇಕಲ್ಲ. ಜೊತೆಗೇ ಹೊರಟೆ.

ಶರಾವತಿಗೆ ಆಗ ಸೇತುವೆ ಇರಲಿಲ್ಲ, ಲಾಂಚಿನಲ್ಲಿ ದಾಟಬೇಕು. ಲಾಂಚಿನವ ಹಲಗೆ ನೋಡಿ, "ಇವರಿಗೆ ನನ್ನ ಲಾಂಚು ಎಂತಕ್ಕೆ? ಸ್ವಂತದ್ದು ತಂದಿದಾರಲ್ಲ," ಎಂದ. ಭಟ್ಕಳದಲ್ಲಿ ಬಸ್ ಇಳಿದಾಗ ಟೊಪ್ಪಿ ಹಾಕಿದ ಮುದುಕ ವ್ಯಾಪಾರಿಯೊಬ್ಬರು ಹಲಗೆಯನ್ನು ಬೆರಳಿನಿಂದ ಬಡಿದು ನೋಡಿ, "ಬಾಗಿಲು ಮಜಬೂತ್ ಉಂಟು ಭಟ್ರೇ. ಚೌಕಟ್ಟು ಎಲ್ಲಿ?" ಎಂದು ಕೇಳಿದರು.

ದಂಡೆಯಲ್ಲಿ ತಾಂಡೇಲನ ಅರವತ್ತು ಜನ ಬೆಳಗಿನಿಂದ ರಂಪಣಿ ಬಲೆ ದೋಣಿಗೆ ತುಂಬಿಟ್ಟು ಕಾಯುತ್ತಿದ್ದರು. ರಂಪಣಿಯ ಕ್ರಮ ಹೀಗೆ: ಒಬ್ಬ ಸಣ್ಣ ದೋಣಿಯಲ್ಲಿ ಮುಂದೆ ಹೋಗಿ ನೀರು ನೋಡುತ್ತಾನೆ. ಮೀನಿನ ಹಿಂಡು ಕಂಡರೆ ಎದ್ದು ನಿಂತು ಎರಡೂ ಕೈ ಅಗಲಿಸುತ್ತಾನೆ. ಅದನ್ನು ಕಂಡದ್ದೇ ದೊಡ್ಡ ದೋಣಿ ಹೋಗಿ ಬಲೆಯನ್ನು ಅರ್ಧಚಂದ್ರದ ಹಾಗೆ ಬಿಡುತ್ತದೆ. ಹಗ್ಗದ ಎರಡು ತುದಿ ಹಿಡಿದು ದಡದವರೆಲ್ಲ ಎಳೆಯುತ್ತಾರೆ. ಎಂಟು ದಿನದಿಂದ ಬಲೆಗೆ ಏನೂ ಬಿದ್ದಿರಲಿಲ್ಲ. ಎಲ್ಲರ ಕಣ್ಣೂ ಸಮುದ್ರದ ಮೇಲೆ.

ಮಾಸ್ತರ ಬದಿಯಿಂದ ನೀರಿಗೆ ಇಳಿದ. ಒಮ್ಮೆ ಬಿದ್ದ. ಎರಡನೆಯ ಸಲ ಬಿದ್ದ. ಆರು ಸಲ ಬಿದ್ದದ್ದನ್ನು ನಾನು ನೋಡಿದೆ. ಏಳನೆಯ ತೆರೆ ದೊಡ್ಡದು. ನನ್ನಿಂದ ತಡೆಯಲಾಗಲಿಲ್ಲ. ಕಣ್ಣು ಮುಚ್ಚಿ ಇಡಗುಂಜಿಯ ಗಣಪತಿಯನ್ನು ನೆನೆದೆ.

"ಬಂತ್ರೋ!" ಎಂದು ತಾಂಡೇಲ ಕೂಗಿದ್ದು ಕೇಳಿ ಕಣ್ಣು ಬಿಟ್ಟೆ. ದಂಡೆಗೆ ದಂಡೆಯೇ ಎದ್ದಿತ್ತು. ಬಲೆಯ ದೋಣಿ ನೀರಿಗೆ ಬಿದ್ದು, ಹುಟ್ಟು ಹಾಕುವವರು ಹುಚ್ಚು ಹಿಡಿದವರಂತೆ ಹಾಕುತ್ತಿದ್ದರು. ಮಾಸ್ತರ ದಡದ ಹತ್ತಿರ ಬಿದ್ದು ಎದ್ದವ, "ನಿಂತೆ! ನಿಂತೆ!" ಎಂದು ಕೂಗುತ್ತ, ಆ ಸಂತೋಷದಲ್ಲಿ ಹಲಗೆ ತಿರುಗಿಸಿ ಮತ್ತೆ ಆಚೆ ಹೊರಟಿದ್ದ. ಅವನ ಮುಂದೆ ಬಲೆ ಸುತ್ತಿ ಬಂದದ್ದು ಅವನಿಗೆ ಕಾಣಲಿಲ್ಲ.

"ತಾಂಡೇಲ, ಮಾಸ್ತರ ಒಳಗಿದ್ದಾನೆ!"

"ಇರ್ಲಿ ಭಟ್ರೇ, ಎಳೀತಾ ಇದ್ದೆವಲ್ಲ, ಬರ್ತ. ನೀವೂ ಹಗ್ಗ ಹಿಡೀರಿ!"

ನಾನೂ ಹಿಡಿದೆ. ಅಷ್ಟು ದೂರದಲ್ಲಿ ನಿಜವಾದ ನೋಡುವವ ತನ್ನ ದೋಣಿಯಲ್ಲಿ ಬಗ್ಗಿ, ಒಳಗೆ ಬಂದ ನೀರು ಚೆಲ್ಲುತ್ತ ಕುಳಿತಿದ್ದ. ಕೈ ಅಗಲಿಸಿದವ ಅವನಲ್ಲ. ಅದು ನಮಗೆ ಗೊತ್ತಾಗುವ ಹೊತ್ತಿಗೆ ಬಲೆ ದಡಕ್ಕೆ ಬಂದಿತ್ತು. ದೇವರ ಲೀಲೆ ಯಾರಿಗೆ ತಿಳಿಯುತ್ತದೆ? ಬಲೆಯ ತುಂಬ ಬಂಗಡೆ ಮೀನು. ಬಂಗಡೆಯ ನಡುವೆ ಹಲಗೆ. ಹಲಗೆಯನ್ನು ತಬ್ಬಿಕೊಂಡು ಮಾಸ್ತರ.

ಮೈಮೇಲಿನ ಮೀನು ಕೊಡವದೆ ಅವನು ಕೇಳಿದ ಮೊದಲ ಮಾತು, "ಭಟ್ಟರೇ, ನಾನು ನಿಂತದ್ದನ್ನು ತಾವು ನೋಡಿದಿರಲ್ಲವೇ?"

ನಾನು ಸುಳ್ಳು ಹೇಳುವವನಲ್ಲ. "ಕಣ್ಣು ಮುಚ್ಚಿದ್ದೆ ಮಾಸ್ತರೇ," ಎಂದೆ.

ಅವನ ಮುಖ ಬಾಡಿತು. "ಹಾಗಾದರೆ ಯಾರೂ ನೋಡಿಲ್ಲ. ತಂಗಿ ನಂಬುವುದಿಲ್ಲ."

ತಾಂಡೇಲ ಗದರಿದ. "ಎಂತ ಮಾತು ಹೇಳ್ತ ಇವ! ನೀನು ಕೈ ಅಗಲಿಸಿ ನಿಲ್ಲದೆ ನಾವು ಬಲೆ ಬಿಡ್ತೇವಾ? ಅರವತ್ತು ಜನ ನೋಡಿದ್ದು!"

ಮಾಸ್ತರ ಅಲ್ಲೇ ಹೊಯಿಗೆಯ ಮೇಲೆ ಕುಳಿತು ತಂಗಿಗೆ ಕಾಗದ ಬರೆದ. ಕೆಳಗೆ ತಾಂಡೇಲ ಮೀನಿನ ಕೈಯಲ್ಲೇ ಹೆಬ್ಬೆಟ್ಟು ಒತ್ತಿದ. ಆಮೇಲೆ ಮೀನಿನ ಪಾಲು ಹಾಕುವಾಗ, ಹಿಂಡು ತೋರಿಸಿದವನಿಗೆ ಸಲ್ಲುವ ದೊಡ್ಡ ಬುಟ್ಟಿಯನ್ನು ಮಾಸ್ತರನ ಮುಂದೆ ಇಟ್ಟ.

"ನಾಳೆಯೂ ಇದೇ ಹೊತ್ತಿಗೆ ಬಾ," ಎಂದ.

"ಅವನು ಊರಿಗೆ ಹೋಗುತ್ತಾನಪ್ಪ. ಸಾಮಾನು ಕಟ್ಟಬೇಕು, ಇನ್ನು ಬರಲಾಗುವುದಿಲ್ಲ," ಎಂದೆ ನಾನು.

ತಾಂಡೇಲ ಚಿಂತೆಗೆ ಬಿದ್ದ. ಅವನು ಹಲಗೆಯನ್ನು ನೋಡಿದ, ಸಮುದ್ರವನ್ನು ನೋಡಿದ, ಕೊನೆಗೆ ನನ್ನನ್ನು ಜುಟ್ಟಿನಿಂದ ಅಂಗಾಲಿನವರೆಗೆ ನಿಧಾನವಾಗಿ ನೋಡಿದ.

"ಭಟ್ರೇ," ಎಂದ, "ನಿಮಗೆ ಈಜು ಬರ್ತದಾ?"

ಇದನ್ನು ಓದಿದವರು ಮನೆಯಲ್ಲಿ ನಾಲ್ಕು ಜನರಿಗೆ ಹೇಳಲಿ, ಅವರೂ ಮುಂದೆ ಹೇಳಲಿ. ನಾನು ಏನು ಉತ್ತರ ಕೊಟ್ಟೆ ಎಂದು ಅವರು ಕೇಳಿದರೆ, ಭಟ್ಟರು ಮರುದಿನ ಏಕಾದಶಿ ಇಲ್ಲದಿದ್ದರೂ ಉಪವಾಸ ಹಿಡಿದು ಮನೆಯೊಳಗೇ ಕುಳಿತರು ಎಂದು ಹೇಳಬಹುದು.