ಅತ್ತೆಯ ಭುಜವೂ ಅಡುಗೆಮನೆ ಗೋಡೆಯೂ

ಗುಬ್ಬಿಯಲ್ಲಿರೋ ನಮ್ಮ ಸೋದರತ್ತೆಯ ಪರೀಕ್ಷೆಯಲ್ಲಿ ಪಾಸಾದ ಚಿಕಿತ್ಸೆ ಈ ಭೂಮಿ ಮೇಲೆ ಒಂದೇ ಒಂದು! ಮಿಕ್ಕವೆಲ್ಲ ಡುಮ್ಕಿ. ನಾನು ತುಮಕೂರಿನ ಉಪ್ಪಾರಹಳ್ಳಿಯಲ್ಲಿ ಫಿಸಿಯೋಥೆರಪಿ ಕ್ಲಿನಿಕ್ ಇಟ್ಟುಕೊಂಡಿರೋಳು. ಸರ್ಟಿಫಿಕೇಟಿಗೆ ಫ್ರೇಮು ಕೂಡ ಹಾಕಿಸಿದೀನಿ. ಅತ್ತೆಗೆ ಅದೆಲ್ಲ ಲೆಕ್ಕಕ್ಕೇ ಇಲ್ಲ. "ನೀನು ಪಾಸಾಗಿದೀಯ ಸರಿ ಕಣೇ, ನಿನ್ನ ಟ್ರೀಟ್‌ಮೆಂಟು ಪಾಸಾಗಬೇಕಲ್ಲ?" ಅಂತಾರೆ.

ಹೋದ ವರ್ಷ ಅವರ ಎಡಭುಜ ಬಿಗಿದುಕೊಂಡಿತು. ಕೈ ಎದೆ ಮಟ್ಟಕ್ಕೂ ಏಳದು. ನೀರು ಸೇದೋದು, ಬಟ್ಟೆ ಹರವೋದು ಆಗಲ್ಲ ಅಂತ ಅವರು ಕೊರಗಲಿಲ್ಲ. ಅವರ ಸಂಕಟ ಒಂದೇ. ಬೆಳಗಿನ ಶಿವಪೂಜೆಗೆ ಎಡ ಅಂಗೈ ಮೇಲೆ ಲಿಂಗ ಇಟ್ಕೊಂಡು ಕಣ್ಣಿನೆದುರಿಗೆ ಎತ್ತಿ ಹಿಡಿಯೋಕಾಗ್ತಿಲ್ಲ! "ಲಿಂಗ ನನ್ನ ಕಣ್ಣಿಗೆ ಬರಬೇಕು ಕಣೇ. ನಾನು ಮಡಿಲೊಳಗೆ ಬಗ್ಗಿ ಇಣುಕಿ ನೋಡೋದು ಎಂಥ ಪೂಜೆ?" ಅಂದ್ರು.

ಅಲ್ಲಿಂದ ಶುರುವಾಯ್ತು ನೋಡಿ ಪರೀಕ್ಷೆ! ಅಡುಗೆಮನೆ ಗೋಡೆಗೆ ಎದುರಾಗಿ ನಿಲ್ಲೋದು, ಬೆರಳುಗಳನ್ನ ಮೇಲಕ್ಕೆ ಹತ್ತಿಸೋದು, ಎಲ್ಲಿಗೆ ನಿಲ್ಲುತ್ತೋ ಅಲ್ಲೊಂದು ಪೆನ್ಸಿಲ್ ಗೆರೆ. ಒಂದು ಸಲಕ್ಕೆ ಒಂದೇ ಚಿಕಿತ್ಸೆ, ಎರಡು ವಾರ, ಬೆರಕೆ ಇಲ್ಲ. ನಿಜ ಹೇಳ್ಲಾ? ಇಷ್ಟು ಶಿಸ್ತು ನನಗೂ ಇಲ್ಲ.

ಮೊದಲು ಕುಣಿಗಲ್ ಕಡೆ ನೆಂಟರೊಬ್ಬರು ಕೊಟ್ಟ ಎಣ್ಣೆ. ಮನೆಯೆಲ್ಲ ಘಮಘಮ, ಗೆರೆ ಮಾತ್ರ ಇದ್ದಲ್ಲೇ. "ಒಗ್ಗರಣೆಗೆ ಚೆನ್ನಾಗಿರುತ್ತೆ" ಅಂತ ತೀರ್ಪು ಬಂತು. ಆಮೇಲೆ ಫೋನಲ್ಲಿ ಜಾಹೀರಾತು ನೋಡಿ ತರಿಸಿದ ಗಡಗಡ ನಡುಗೋ ಯಂತ್ರ. ಅದನ್ನ ಹಿಡ್ಕೊಂಡು ಬಲಗೈಗೂ ನೋವು ಬಂತು!

ಮೂರನೆಯದು ನನ್ನದೇ, ಆಟಗಾರರು ಮೈಗೆ ಅಂಟಿಸಿಕೊಳ್ತಾರಲ್ಲ, ಆ ನೀಲಿ ಪಟ್ಟಿ. ಮನೇಲಿ ಹೀಗೆ ಹಾಕ್ಕೊಳ್ಳಿ ಅಂತ ತೋರಿಸಿ ಕಳಿಸಿದ್ದೆ. ಮಾರನೇ ದಿನವೇ ಫೋನು.

"ಏನೇ, ಇದು ನಿಲ್ಲೋದೇ ಇಲ್ವಲ್ಲೇ! ಸಾರಿನ ಪಾತ್ರೆಗೆ ಬಿತ್ತು."

"ಹೇಗೆ ಹಾಕಿದ್ರಿ ಅತ್ತೆ?"

"ಸ್ನಾನ ಮಾಡ್ದೆ, ಭುಜಕ್ಕೆ ವಿಭೂತಿ ಹಚ್ಕೊಂಡೆ, ಅದರ ಮೇಲೆ ನಿನ್ನ ಪಟ್ಟಿ."

"ಅಯ್ಯೋ! ವಿಭೂತಿ ಮೇಲೆ ಅಂಟುತ್ತಾ?"

"ಮನೆಮನೇಲೂ ವಿಭೂತಿ ಹಚ್ಚೋ ತುಮಕೂರು ಜಿಲ್ಲೇಲಿ, ಶಿವಭಕ್ತರಿಗೆ ಆಗದೇ ಇರೋದು ಎಂಥ ಟ್ರೀಟ್‌ಮೆಂಟೇ? ಫೇಲು!"

ಕೊನೆಗೆ ಕೈಮುಗಿದು ಕೇಳ್ಕೊಂಡೆ: "ಎಣ್ಣೆ ಬೇಡ, ಪಟ್ಟಿ ಬೇಡ. ನಾನು ಹೇಳೋ ವ್ಯಾಯಾಮ ದಿನಾ ಮೂರು ಹೊತ್ತು ಮಾಡಿ. ಜಾಸ್ತಿ ನೋವಾದ್ರೆ ನಿಲ್ಲಿಸಿ." ಎರಡು ವಾರಕ್ಕೆ ಗೆರೆ ಒಂದೇಟಿಗೆ ಗೇಣಷ್ಟು ಹಾರಿತು ಅಂತ ಫೋನು ಬಂತು! ನಾನು ಕ್ಲಿನಿಕ್ಕಲ್ಲಿ ಎಲ್ಲರಿಗೂ ಹೇಳ್ಕೊಂಡು ಮೆರೆದೆ. ಭಾನುವಾರ ಗುಬ್ಬಿಗೆ ಓಡಿ ನೋಡಿದ್ರೆ, ಅತ್ತೆ ಮಣೆ ಮೇಲೆ ನಿಂತಿದಾರೆ! "ನೆಲ ಒರೆಸಿದ್ದೆ ಕಣೇ, ಜಾರುತ್ತೆ ಅಂತ ಹತ್ತಿದೆ." ತಪ್ಪು ಗೊತ್ತಾದ ಕ್ಷಣವೇ ಗೆರೆ ಅಳಿಸಿ ಮತ್ತೆ ನೆಲದ ಮೇಲೆ ನಿಂತು ಶುರು ಮಾಡಿದ್ರು. ಎರಡು ವಾರದ ಗಡುವು ಮಾತ್ರ ತಾವೇ ಸಡಿಲಿಸಿದ್ರು. ಯಾಕೇಂದ್ರೆ ಗೆರೆ ಈ ಸಲ ನಿಜವಾಗಿ ಹತ್ತುತ್ತಿತ್ತು, ಬೆರಳಗಲ, ಇನ್ನೊಂದು ಬೆರಳಗಲ. ತಿಂಗಳುಗಟ್ಟಲೆ ಒಂದು ಹೊತ್ತೂ ತಪ್ಪಿಸಲಿಲ್ಲ, ಮಹಾತಾಯಿ!

ಮೊನ್ನೆ ಸೋಮವಾರ ಬೆಳಿಗ್ಗೆ ಅವರ ಮನೇಲಿದ್ದೆ. ಪೂಜೆಗೆ ಕೂತ್ರು. ಎಡಗೈ ಮೆಲ್ಲಗೆ ಎದ್ದಿತು. ಎದೆ ದಾಟಿತು, ಗದ್ದ ದಾಟಿತು, ಕಣ್ಣಿನ ಮಟ್ಟಕ್ಕೆ ಬಂದು ನಿಂತಿತು. ಗೆದ್ವಿ! ನಾನು ಕೂಗೇಬಿಡ್ತಿದ್ದೆ, ಬಾಯಿಗೆ ಸೆರಗು ಅಡ್ಡ ಹಿಡ್ಕೊಂಡೆ. ನಿಮಿಷ ಒಂದಾಯ್ತು, ಎರಡಾಯ್ತು, ಕೈ ಸಣ್ಣಗೆ ನಡುಗೋಕೆ ಶುರುವಾಯ್ತು. ಅತ್ತೆ ಇಳಿಸಲಿಲ್ಲ.

"ಸಾಕು ಅತ್ತೆ, ನೋಯುತ್ತೆ, ಇಳಿಸಿ" ಅಂದೆ ಮೆಲ್ಲಗೆ.

ಅಂಗೈಯಿಂದ ಕಣ್ಣು ಕೀಳದೇ ಅಂದ್ರು: "ಹೀಗೆ ನೋಡಿ ಎಂಟು ತಿಂಗಳಾಗಿತ್ತು ಕಣೇ. ನೋಯ್ಲಿ ಬುಡು."

ನೋವಾದ್ರೆ ನಿಲ್ಲಿಸಿ ಅಂತ ದಿನವಿಡೀ ಜನಕ್ಕೆ ಹೇಳೋ ನಾನು ಅವರ ಪಕ್ಕ ಕೂತೆ. ಆ ನಡುಗೋ ಮೊಣಕೈ ಕೆಳಗೆ ನನ್ನ ಅಂಗೈ ಕೊಟ್ಟೆ.